ಅಟ್ಟದಿಂದ ಇಳಿಸಿದ ವಾಲ್ವ್ ರೇಡಿಯೋ: ರಿಪೇರಿ ಮಾಡ್ಸೋದಾ, ಮಾರೋದಾ, ಬಿಚ್ಚಿಡೋದಾ?

ಮೊದಲು ಪ್ಲಗ್ ಹಾಕ್ಬೇಡಿ. ಅಟ್ಟದಿಂದ ಇಳಿಸಿ ಧೂಳು ಒರೆಸಿದ ತಕ್ಷಣ ಎಲ್ರೂ ಮಾಡೋದು ಅದನ್ನೇ, "ಆನ್ ಆಗತ್ತಾ ನೋಡೋಣ" ಅಂತ ಪ್ಲಗ್ ಚುಚ್ಚೋದು. ನಾನೂ ಮಾಡಿದ್ದೆ. ಮಂಡ್ಯ ಹತ್ರ ನಮ್ಮೂರಲ್ಲಿ ತಾತನ ಮರ್ಫಿ ರೇಡಿಯೋ ಇತ್ತು, ಮೂವತ್ತು ವರ್ಷ ಯಾರೂ ಮುಟ್ಟಿರಲಿಲ್ಲ, ಸ್ವಿಚ್ ಹಾಕಿದ್ರೆ ಡಯಲ್ ದೀಪ ಹತ್ತೇ ಬಿಡ್ತು, ಗುಂಯ್ ಅಂತ ಸದ್ದೂ ಬಂತು, ಮನೆಯವರೆಲ್ಲಾ ಸುತ್ತ ನಿಂತ್ಕೊಂಡು ಖುಷಿ ಪಡ್ತಿದ್ದಾಗ ಡಾಂಬರು ಕಾಯಿಸಿದಂಗೆ ವಾಸನೆ, ಹಿಂದಿನಿಂದ ಹೊಗೆ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲು. ಹಾಳಾಗಿದ್ದಿದ್ದು ಒಂದೇ ಒಂದು ಫಿಲ್ಟರ್ ಕಂಡೆನ್ಸರ್ (ಒಳಗಿನ ಡಿಸಿ ಕರೆಂಟಿನ ಏರಿಳಿತ ಸಮ ಮಾಡೋ ಕೆಪಾಸಿಟರ್), ಅದು ಇವತ್ತೂ ಯಾವ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಬೇಕಾದ್ರೂ ಸಿಗತ್ತೆ, ಅದರ ಜೊತೆ ನಾನು ಸುಟ್ಟಿದ್ದು ಮಾತ್ರ ಎಲ್ಲೂ ಸಿಗದೇ ಇರೋ ಪಾರ್ಟು. ದೊಡ್ಡಪ್ಪ ಬಂದು ನೋಡಿ "ಅಯ್ ಬುಡ್ಲಾ, ಗುಜರಿಗಾಕು ಅತ್ಲಾಗೆ" ಅಂದ್ರು.

ಆಮೇಲೆ ಮೈಸೂರಿಗೆ ಬಂದು ಬೇರೆಯವರ ಮನೆಯ ಸೆಟ್‌ಗಳನ್ನೂ ಬಿಚ್ಚಿ ಬಿಚ್ಚಿ ನನಗೆ ಅರ್ಥ ಆಗಿದ್ದು ಇಷ್ಟೇ. ಹಳೇ ರೇಡಿಯೋ ಹಾಡತ್ತಾ ಇಲ್ವಾ ಅನ್ನೋದ್ರ ಮೇಲೆ ತೀರ್ಮಾನ ಮಾಡ್ಬಾರದು, ಅದರಲ್ಲಿ ಮತ್ತೆ ಸಿಗದೇ ಇರೋ ವಸ್ತುಗಳು ಎಷ್ಟು ನೆಟ್ಟಗಿವೆ ಅನ್ನೋದ್ರ ಮೇಲೆ ಮಾಡ್ಬೇಕು. ಕಂಡೆನ್ಸರ್ ಸಿಗತ್ತೆ, ರೆಸಿಸ್ಟರ್ ಸಿಗತ್ತೆ, ಮುಕ್ಕಾಲು ಪಾಲು ವಾಲ್ವ್‌ಗಳೂ ಹುಡುಕಿದ್ರೆ ಸಿಗ್ತವೆ. ಡಯಲ್ ಗಾಜು ಸಿಗಲ್ಲ.

ಹೆಜ್ಜೆ 1: ಯಾವ ಜಾತಿ ಸೆಟ್ಟು ಅಂತ ನೋಡಿ

ಹಿಂದಿನ ರಟ್ಟಿನ ಕವರ್ ತೆಗೀರಿ. ಪ್ಲಗ್ ಹಾಕಿಲ್ಲ ತಾನೇ? ಸರಿ. ಒಳಗೆ ಗಾಜಿನ ಬುರುಡೆ ತರದ್ದು ನಾಲ್ಕೈದೋ ಆರೋ ನಿಂತಿದ್ರೆ ಅದು ವಾಲ್ವ್ ಸೆಟ್ಟು, ಇಲ್ಲದಿದ್ರೆ ಟ್ರಾನ್ಸಿಸ್ಟರು, ಅದರ ಕತೆ ಬೇರೆ. ಮರದ ಡಬ್ಬ ದೊಡ್ಡದಾಗಿದೆ ಅಂದ ಮಾತ್ರಕ್ಕೆ ವಾಲ್ವ್ ಅಂತಲ್ಲ, ಎಷ್ಟೋ ಜನ ಮೋಸ ಹೋಗೋದು ಇಲ್ಲೇ.

ವಾಲ್ವ್ ಮೇಲಿನ ನಂಬರ್ ಓದಿ, ಅಕ್ಷರ ಅಳಿಸ್ಬೇಡಿ, ಒಣ ಬಟ್ಟೇಲೂ ಉಜ್ಜಬೇಡಿ, ಬಾಯಿಂದ ಉಫ್ ಅಂತ ಊದಿ ಅಡ್ಡ ಬೆಳಕಲ್ಲಿ ನೋಡಿ. ಇಸಿಎಚ್ 81, ಇಬಿಎಫ್ 89, ಇಎಲ್ 84, ಇಝಡ್ 80, ಹೀಗೆ 'ಇ'ಯಿಂದ ಶುರುವಾಗಿದ್ರೆ 6.3 ವೋಲ್ಟ್ ಹೀಟರ್, ಅಂದ್ರೆ ಸಾಮಾನ್ಯವಾಗಿ ಒಳಗೆ ದಪ್ಪ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರೋ ಎಸಿ ಸೆಟ್ಟು. ಇದೇ ಒಳ್ಳೇ ಜಾತಿ. ಯುಸಿಎಚ್ 81, ಯುಸಿಎಲ್ 82, ಯುವೈ 85 ಹೀಗೆ 'ಯು' ಇದ್ರೆ ಅದು ಎಸಿ-ಡಿಸಿ ಸೆಟ್ಟು, ಟ್ರಾನ್ಸ್‌ಫಾರ್ಮರ್ ಇಲ್ಲ, ಎಲ್ಲಾ ವಾಲ್ವ್‌ಗಳ ಹೀಟರ್ ಸೀರಿಯಲ್ ಲೈಟ್ ಸರದ ತರ ಒಂದರ ಹಿಂದೆ ಒಂದು, ಒಂದು ಹೋದ್ರೆ ಎಲ್ಲಾ ಕತ್ತಲು. ಇದರ ಪಾರ್ಟ್ಸ್ ಎಲ್ಲಾ ಕೂರಿಸಿರೋ ತಗಡಿನ ಚಾಸಿಗೆ ಕರೆಂಟಿನ ಒಂದು ವೈರು ನೇರವಾಗಿ ಸೇರಿರತ್ತೆ. ಪ್ಲಗ್ ಉಲ್ಟಾ ಹಾಕಿದ್ರೆ ಇಡೀ ಚಾಸಿಯಲ್ಲಿ 230 ವೋಲ್ಟ್. ನಾಬ್ ಕಳಚಿ ಹೋಗಿ ಬರೀ ಕಬ್ಬಿಣದ ಕಡ್ಡಿ ತಿರುಗಿಸ್ತಾ ಇದ್ದ ಮನೆಗಳನ್ನ ನಾನೇ ನೋಡಿದೀನಿ, ಆ ದೇವರೇ ಕಾಪಾಡ್ದ ಅನ್ಬೇಕು. ಫಿಲಿಪ್ಸ್ ಆದ್ರೆ ಸಾಮಾನ್ಯವಾಗಿ ಮಾಡೆಲ್ ನಂಬರ್ ಕೊನೇಲಿ 'ಎ' ಅಂತಿದ್ರೆ ಎಸಿ, 'ಯು' ಅಂತಿದ್ರೆ ಎಸಿ-ಡಿಸಿ.

ಮೂರನೇದು ನಮ್ಮ ಹಳ್ಳಿ ಕಡೆ ಜಾಸ್ತಿ ಸಿಗೋದು, ಬ್ಯಾಟರಿ ಸೆಟ್ಟು. ಡಿಕೆ 96, ಡಿಎಲ್ 96 ಅಂತ 'ಡಿ' ವಾಲ್ವ್‌ಗಳು. ಊರಿಗೆ ಕರೆಂಟ್ ಬರೋಕೆ ಮುಂಚೆ ತಗೊಂಡಿದ್ದು. ಇದಕ್ಕೆ 90 ವೋಲ್ಟಿನ ದೊಡ್ಡ ಡ್ರೈ ಬ್ಯಾಟರಿ ಬರ್ತಿತ್ತು, ಈಗ ಅದು ಬರಲ್ಲ, ಹಾಗಂತ ಎಸೀಬೇಡಿ, 9 ವೋಲ್ಟಿನ ಚಿಕ್ಕ ಬ್ಯಾಟರಿ ಹತ್ತು ಸಾಲಾಗಿ ಜೋಡಿಸಿದ್ರೆ 90 ಆಯ್ತಲ್ಲ. ಆದ್ರೆ ಫಿಲಮೆಂಟ್ ಬರೀ 1.4 ವೋಲ್ಟಿಂದು, ವೈರ್ ಅದಲು ಬದಲು ಮಾಡಿ 90 ಅಲ್ಲಿಗೆ ಕೊಟ್ರೆ ಕಣ್ಣು ಮಿಟುಕಿಸೋದ್ರಲ್ಲಿ ಎಲ್ಲಾ ವಾಲ್ವೂ ಮಟಾಶ್.

ಹೆಜ್ಜೆ 2: ಸಿಗದೇ ಇರೋದರ ಲೆಕ್ಕ

ಒಂದು ಪೇಪರ್ ಪೆನ್ನು ತಗೊಳ್ಳಿ. ಡಯಲ್ ಗಾಜಿನ ಮೇಲೆ ಸಿಲೋನ್, ದೆಹಲಿ, ಲಂಡನ್ ಅಂತ ಊರಿನ ಹೆಸರು ಬರೆದಿರತ್ತಲ್ಲ, ಅದು ಗಾಜಿನ ಹಿಂಭಾಗಕ್ಕೆ ಹಚ್ಚಿರೋ ಬಣ್ಣ. ಗಾಜು ಒಡೆದಿಲ್ಲ, ಬಣ್ಣ ಎದ್ದಿಲ್ಲ ಅಂದ್ರೆ ದೊಡ್ಡ ಟಿಕ್ ಹಾಕಿ. ಅದಕ್ಕೆ ನೀರು, ಗಾಜು ಒರೆಸೋ ಸ್ಪ್ರೇ, ಸ್ಪಿರಿಟ್ಟು ಏನೂ ತಾಕಿಸ್ಬೇಡಿ. ನನ್ನ ಫ್ರೆಂಡ್ ಒಬ್ಬ ಸರಸ್ವತೀಪುರಂನಲ್ಲಿ ಅವರಜ್ಜಿ ರೇಡಿಯೋನ ದಸರಾ ಬೊಂಬೆ ಕೂರಿಸೋ ಟೈಮಲ್ಲಿ ಅಲಂಕಾರಕ್ಕೆ ಇಡೋಣ ಅಂತ ಗಾಜು ಬಿಚ್ಚಿ ಒದ್ದೆ ಬಟ್ಟೇಲಿ ಒರೆಸಿದ, ಬಟ್ಟೆ ಮೇಲೆ ಬಂತು ಲಂಡನ್ನು.

ಆಮೇಲೆ ಕ್ಯಾಬಿನೆಟ್ಟು. ಪಾಲಿಶ್ ಹೋಗಿದ್ರೆ, ಮೇಲಿನ ವೆನೀರ್ ಅಲ್ಲಲ್ಲಿ ಎದ್ದಿದ್ರೆ ಚಿಂತೆ ಇಲ್ಲ, ಮೈಸೂರಲ್ಲಿ ಬೀಟೆ ಮರದ ಇನ್ಲೇ ಕೆಲಸ ಮಾಡೋ ಕೈಗಳಿಗೆ ಅದೇನು ದೊಡ್ಡದಲ್ಲ, ಫ್ರೆಂಚ್ ಪಾಲಿಶ್ ಗೊತ್ತಿರೋ ಒಬ್ಬ ಬಡಗಿ ಸಿಕ್ರೆ ಸಾಕು. ಆದ್ರೆ ಗೆದ್ದಲು ತಿಂದಿದ್ರೆ ಬೇರೆ ಮಾತು, ಮೂಲೆಯಲ್ಲಿ ಹೆಬ್ಬೆರಳಿಂದ ಒತ್ತಿ, ಪುಸಕ್ ಅಂತ ಒಳಗೆ ಹೋದ್ರೆ ಕ್ಯಾಬಿನೆಟ್ ಮುಗೀತು. ಬೇಕಲೈಟ್ ಆದ್ರೆ ಸೀಳು ನೋಡಿ, ಸೀಳು ಬಿಟ್ಟ ಬೇಕಲೈಟ್‌ಗೆ ತೇಪೆ ಹಾಕ್ಬಹುದು, ಮುಚ್ಚಿಡೋಕಾಗಲ್ಲ.

ಇಲಿ. ಇದನ್ನ ಯಾರೂ ಹೇಳಲ್ಲ. ಬೆಚ್ಚಗಿನ ಮರದ ಡಬ್ಬ ಅಂದ್ರೆ ಇಲಿಗೆ ಬಾಣಂತಿ ಕೋಣೆ ಇದ್ದಂಗೆ. ಸ್ಪೀಕರ್ ಕೋನ್ ಕಡೀತಾವೆ, ಅದು ಪರವಾಗಿಲ್ಲ, ಡಯಲ್ ದಾರ ಕಡೀತಾವೆ, ಅದೂ ಪರವಾಗಿಲ್ಲ, ಆದ್ರೆ ಇಲಿ ಉಚ್ಚೆ ಬಿದ್ದ ಕಡೆ ಚಾಸಿ ಹಸಿರು-ಬಿಳಿ ಪುಡಿ ಬಿಟ್ಟಿರತ್ತೆ, ಅದು ಬ್ಯಾಂಡ್ ಸ್ವಿಚ್ (ಮೀಡಿಯಂ ವೇವ್, ಶಾರ್ಟ್ ವೇವ್ ಬದಲಾಯಿಸೋದು) ಮತ್ತು ಕಾಯಿಲ್‌ಗಳ ಮೇಲೆ ಹರಿದಿದ್ರೆ ಕೂದಲೆಳೆಯಷ್ಟು ತೆಳು ತಂತಿ ಒಳಗೊಳಗೇ ತುಂಡಾಗಿರತ್ತೆ. ಅಂಥ ಸೆಟ್ಟು ಎಷ್ಟು ಚೆಂದ ಇದ್ರೂ ನಾನು ರಿಪೇರಿಗೆ ಕೈ ಹಾಕಲ್ಲ.

ನಾಬ್ ಎಲ್ಲಾ ಇದ್ಯಾ, ಕಂಪನಿ ಹೆಸರಿನ ಪಟ್ಟಿ ಇದ್ಯಾ, ಹಿಂದಿನ ಕವರ್ ಇದ್ಯಾ, ಅದರ ಮೇಲೆ ಮಾಡೆಲ್ ನಂಬರ್ ಓದೋಕಾಗತ್ತಾ, ಬೇಗ ಬೇಗ ಬರ್ಕೊಳ್ಳಿ. ಎಸಿ-ಡಿಸಿ ಸೆಟ್‌ಗಳಲ್ಲಿ ಬಿಸಿಯಾಗೋ ಭಾಗದ ಹತ್ರ ಬೂದು ಬಣ್ಣದ ಕಲ್ನಾರಿನ ಹಾಳೆ ಅಂಟಿಸಿರಬಹುದು, ಅದನ್ನ ಕೆರೀಬೇಡಿ, ಬ್ಲೋವರ್ ಹಿಡೀಬೇಡಿ, ಅದರ ಪುಡಿ ಶ್ವಾಸಕೋಶಕ್ಕೆ ಹೋಗ್ಬಾರದು.

ಹೆಜ್ಜೆ 3: ಮೀಟರ್ ಹಿಡೀರಿ

ಸಾಧಾರಣ ಮಲ್ಟಿಮೀಟರ್ ಸಾಕು. ಪ್ಲಗ್ ಹಾಕದೇ, ರೇಡಿಯೋ ಸ್ವಿಚ್ ಆನ್ ಮಾಡಿ ಪ್ಲಗ್ಗಿನ ಎರಡು ಪಿನ್ ಮಧ್ಯೆ ಓಮ್ ನೋಡಿ. ಎಸಿ ಸೆಟ್ ಆದ್ರೆ ಕೆಲವು ಹತ್ತು ಓಮ್ ತೋರಿಸ್ಬೇಕು. ಏನೂ ತೋರಿಸ್ಲಿಲ್ಲ ಅಂದ್ರೆ ಮೊದಲು ವೈರು, ಸ್ವಿಚ್ಚು, ಫ್ಯೂಸು ನೋಡಿ, ಆಮೇಲೆ ಟ್ರಾನ್ಸ್‌ಫಾರ್ಮರ್ ಮೇಲೆ ಅನುಮಾನ ಪಡಿ. ಸ್ಪೀಕರ್ ಪಕ್ಕ ಇರೋ ಚಿಕ್ಕ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಕೆಲವು ನೂರು ಓಮ್ ಇರ್ಬೇಕು, ಇದು ತುಂಡಾಗಿರೋದು ತುಂಬಾ ಕಾಮನ್ನು, ಆದ್ರೆ ಸುತ್ತಿಸಬಹುದು, ಮೋಟರ್ ವೈಂಡಿಂಗ್ ಮಾಡೋರಲ್ಲಿ ತೆಳು ತಂತಿಗೆ ತಾಳ್ಮೆ ಇರೋರು ಒಬ್ಬರು ಸಿಗ್ಬೇಕಷ್ಟೇ.

ವಾಲ್ವ್ ತಲೆ ಮೇಲೆ ಕನ್ನಡಿ ತರ ಬೆಳ್ಳಿ ಮಚ್ಚೆ ಇರತ್ತೆ. ಅದು ಹಾಲಿನ ಬಿಳುಪಾಗಿದ್ರೆ ಒಳಗೆ ಗಾಳಿ ಹೋಗಿದೆ, ಆ ವಾಲ್ವ್ ಸತ್ತಿದೆ. ಬೆಳ್ಳಿ ಇದ್ರೆ ಹೀಟರ್ ಪಿನ್ ಮಧ್ಯೆ ಕಂಟಿನ್ಯುಟಿ ನೋಡಿ, ಇಎಲ್ 84ಕ್ಕೆ 4 ಮತ್ತು 5ನೇ ಪಿನ್ನು (ಎಣಿಸೋ ರೀತಿ ಹೆಜ್ಜೆ 5ರಲ್ಲಿದೆ). ಸ್ಟೇಷನ್ ಸರಿಯಾಗಿ ಸಿಕ್ತಾ ಅಂತ ತೋರಿಸೋ ಹಸಿರು ದೀಪ, ಮ್ಯಾಜಿಕ್ ಐ, ಮಂಕಾಗಿದ್ರೆ ಬೇಜಾರಾಗ್ಬೇಡಿ, ಸೌಂಡಿಗೂ ಅದಕ್ಕೂ ಸಂಬಂಧ ಇಲ್ಲ. ಸೆಟ್ಟಲ್ಲಿ ಬಿಇಎಲ್ ಅಂತ ಬರೆದಿರೋ ವಾಲ್ವ್ ಸಿಕ್ರೆ ಅದು ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ್ದು, ಭಾರತ್ ಎಲೆಕ್ಟ್ರಾನಿಕ್ಸ್‌ನವರು 1961ರಲ್ಲಿ ರೇಡಿಯೋ ವಾಲ್ವ್ ಮಾಡೋಕೆ ಶುರು ಮಾಡಿದ್ರು, ಹಾಗಾಗಿ ವಯಸ್ಸಿನ ಅಂದಾಜಿಗೂ ಒಂದು ಸುಳಿವು, ಆದ್ರೆ ವಾಲ್ವ್ ಆಮೇಲೆ ಬದಲಾಯಿಸಿರಬಹುದು ಅನ್ನೋದು ನೆನಪಿರ್ಲಿ.

ಹೆಜ್ಜೆ 4: ಮೊದಲ ಸಲ ಕರೆಂಟ್, ಸೀರೀಸ್ ಲ್ಯಾಂಪ್ ಇಟ್ಟು

ಎಲೆಕ್ಟ್ರಿಶಿಯನ್ ಹತ್ರ ಸೀರೀಸ್ ಬೋರ್ಡ್ ಇರತ್ತಲ್ಲ, ಅದೇ, ಕರೆಂಟು ಒಂದು ಬಲ್ಬಿನ ಮೂಲಕ ಹಾದೇ ರೇಡಿಯೋಗೆ ಹೋಗೋದು. 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬು, ಎಲ್‌ಇಡಿ ನಡೆಯಲ್ಲ. ನಾನು ಅವತ್ತು ನಲವತ್ತೋ ಐವತ್ತೋ ರೂಪಾಯಿ ಬೋರ್ಡು ಇಟ್ಕೊಂಡಿದ್ರೆ ತಾತನ ಟ್ರಾನ್ಸ್‌ಫಾರ್ಮರ್ ಉಳೀತಿತ್ತು. ಎಸಿ ಸೆಟ್ ಆದ್ರೆ ಮೊದಲು ರೆಕ್ಟಿಫೈಯರ್ ವಾಲ್ವ್ (ಎಸಿನ ಡಿಸಿ ಮಾಡೋದು, ಇಝಡ್ 80 ತರದ್ದು) ಕಿತ್ತಿಟ್ಟು ಪ್ಲಗ್ ಹಾಕಿ, ಬಲ್ಬು ಮಂಕಾಗಿ ಉರಿದು ಉಳಿದ ವಾಲ್ವ್‌ಗಳಲ್ಲಿ ನಸುಗೆಂಪು ಕಾಣಿಸಿದ್ರೆ ಟ್ರಾನ್ಸ್‌ಫಾರ್ಮರ್ ಬದುಕಿದೆ. ಬಲ್ಬು ಪೂರ್ತಿ ಬೆಳಗಿದ್ರೆ ತಕ್ಷಣ ಆಫ್ ಮಾಡಿ, ಶಾರ್ಟ್ ಇದೆ. ಟ್ರಾನ್ಸ್‌ಫಾರ್ಮರ್‌ನಲ್ಲಿ 200, 220, 240 ಅಂತ ಟ್ಯಾಪ್ ಇದ್ರೆ 240ಕ್ಕೆ ಇಡಿ.

ಇಲ್ಲಿಗೆ ನಿಲ್ಲಿಸಿ. ಫಿಲ್ಟರ್ ಕಂಡೆನ್ಸರ್ ಬದಲಾಯಿಸದೇ ರೆಕ್ಟಿಫೈಯರ್ ವಾಪಸ್ ಹಾಕ್ಬೇಡಿ. ಮತ್ತೆ ಸೆಟ್ ಒಳಗೆ 250 ವೋಲ್ಟ್ ಡಿಸಿ ಇರತ್ತೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ನಲ್ಲಿ ಉಳ್ಕೊಂಡಿರತ್ತೆ, ಮೀಟರ್ ಇಟ್ಟು ಸೊನ್ನೆ ನೋಡದೇ ಕೈ ಹಾಕೋ ಹಾಗಿಲ್ಲ. ಹೈ ವೋಲ್ಟೇಜ್ ಕೆಲಸ ಮಾಡಿ ಅಭ್ಯಾಸ ಇಲ್ಲ ಅಂದ್ರೆ ಇಲ್ಲಿಂದ ಮುಂದೆ ಗೊತ್ತಿರೋರ ಕೈಗೆ ಕೊಡಿ, ನಾಚಿಕೆ ಏನಿಲ್ಲ.

ಹೆಜ್ಜೆ 5: ಇನ್ನೊಂದು ಕಂಡೆನ್ಸರ್

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ "ಚೆನ್ನಾಗೇ ಹಾಡ್ತಿತ್ತು, ಒಂದಿನ ಸುಟ್ಟೋಯ್ತು" ಅನ್ನೋ ಕತೆಗಳಲ್ಲಿ ಬಹಳಷ್ಟರ ಕಳ್ಳ ಇವನೇ. ಸ್ಪೀಕರ್ ಓಡಿಸೋ ಔಟ್‌ಪುಟ್ ವಾಲ್ವ್ ಇಎಲ್ 84ರ 2ನೇ ಪಿನ್ನಿಗೆ ಒಂದು ಚಿಕ್ಕ ಕಂಡೆನ್ಸರ್ ಬಂದು ಸೇರತ್ತೆ, ಸಾಮಾನ್ಯವಾಗಿ 0.01 ಮೈಕ್ರೋಫ್ಯಾರಡ್ಡು, ಮೇಣ ಹಚ್ಚಿದ ಕಾಗದದ್ದು, ಮುಟ್ಟಿದ್ರೆ ಕೈಗೆ ಅಂಟತ್ತೆ. ಅದರ ಕೆಲಸ ಹಾಡನ್ನ ಮಾತ್ರ ಬಿಟ್ಟು ಡಿಸಿನ ತಡೆಯೋದು. ಅರವತ್ತು ವರ್ಷದ ತೇವಕ್ಕೆ ಅದು ಸೋರೋಕೆ ಶುರು ಮಾಡತ್ತೆ. ಆ ಪಿನ್ನಿನಲ್ಲಿ ಸೊನ್ನೆ ಅಥವಾ ಚೂರು ಮೈನಸ್ ಇರ್ಬೇಕು. ನಾನು ಒಂದು ಸೆಟ್ಟಲ್ಲಿ ಮೀಟರ್ ಇಟ್ರೆ ಪ್ಲಸ್ 9 ವೋಲ್ಟ್, ರೇಡಿಯೋ ಮಾತ್ರ ಸೊಗಸಾಗಿ ಹಾಡ್ತಾನೇ ಇತ್ತು, ಆದ್ರೆ ವಾಲ್ವ್ ಒಳಗಿನ ಲೋಹದ ತಟ್ಟೆ ಒಲೆಯ ಕೆಂಡದ ತರ ಕೆಂಪಗಾಗ್ತಾ ಬರ್ತಿತ್ತು. ಇನ್ನು ಅರ್ಧ ಗಂಟೆ ಬಿಟ್ಟಿದ್ರೆ ವಾಲ್ವೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಒಟ್ಟಿಗೆ ಗೋವಿಂದ.

ಕಂಡೆನ್ಸರ್ ತಪ್ಪೋ ವಾಲ್ವ್ ತಪ್ಪೋ ಗೊತ್ತಾಗ್ಬೇಕಾ? ಇಎಲ್ 84 ಕಿತ್ತು ಖಾಲಿ ಸಾಕೆಟ್ಟಿನ 2ನೇ ಪಿನ್ ನೋಡಿ, ಆಗಲೂ ಪ್ಲಸ್ ಇದ್ರೆ ಕಂಡೆನ್ಸರೇ. ಕೆಳಗಿಂದ ನೋಡುವಾಗ ಪಿನ್ ಮಧ್ಯೆ ಅಗಲ ಜಾಗ ಇರತ್ತಲ್ಲ ಅಲ್ಲಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ಎಣಿಸಿ. ಎಸಿ-ಡಿಸಿ ಸೆಟ್ಟಲ್ಲಿ ಈ ಉಪಾಯ ನಡೆಯಲ್ಲ, ಒಂದು ವಾಲ್ವ್ ಕಿತ್ರೆ ಎಲ್ಲಾ ಆರಿಹೋಗತ್ತೆ, ಅಲ್ಲಿ ಪರೀಕ್ಷೆಯ ತಂಟೆಗೇ ಹೋಗದೇ ಸುಮ್ನೆ ಬದಲಾಯಿಸಿ, 630 ವೋಲ್ಟಿನ ಪಾಲಿಯೆಸ್ಟರ್ ಹಾಕಿ.

ಹೆಜ್ಜೆ 6: ಈಗ ತೀರ್ಮಾನ

ಡಯಲ್ ಗಾಜು, ಕ್ಯಾಬಿನೆಟ್, ಮೇನ್ಸ್ ಟ್ರಾನ್ಸ್‌ಫಾರ್ಮರ್, ಕಾಯಿಲ್, ನಾಲ್ಕೂ ಸರಿ ಇದ್ರೆ ರಿಪೇರಿ ಮಾಡ್ಸಿ, ಯೋಚನೆ ಬೇಡ. ಫಿಲ್ಟರ್ ಕಂಡೆನ್ಸರ್, ಕಾಗದದ ಕಂಡೆನ್ಸರ್ ಎಲ್ಲಾ ಬದಲು, ಮೈಕಾ ಮತ್ತು ಸೆರಾಮಿಕ್ ಮುಟ್ಟೋದು ಬೇಡ, ಪುಡಿಪುಡಿಯಾಗೋ ರಬ್ಬರ್ ವೈರ್ ಬದಲು, ಮೇನ್ಸ್ ವೈರ್ ಹೊಸದು. ಐಎಫ್ ಕ್ಯಾನ್ (ಟ್ಯೂನ್ ಮಾಡಿಟ್ಟ ಕಾಯಿಲ್‌ಗಳಿರೋ ಚಿಕ್ಕ ಲೋಹದ ಡಬ್ಬ) ಒಳಗಿನ ಸ್ಕ್ರೂ ಯಾರೂ ತಿರುಗಿಸ್ಬಾರದು. "ಲೂಸ್ ಆಗಿತ್ತು ಸಾರ್, ಎಲ್ಲಾ ಟೈಟ್ ಮಾಡ್ದೆ" ಅಂತ ಒಬ್ಬ ಪುಣ್ಯಾತ್ಮ ನನ್ನ ಮುಂದೆ ಹೆಮ್ಮೆಯಿಂದ ಹೇಳಿದ್ದ, ಅದನ್ನ ಮತ್ತೆ 455 ಕಿಲೋಹರ್ಟ್ಸ್‌ಗೆ ತರೋಕೆ ನನಗೆ ಒಂದು ಭಾನುವಾರ ಪೂರ್ತಿ ಬೇಕಾಯ್ತು. ಪಾರ್ಟ್ಸ್ ಮೈಸೂರಲ್ಲೇ ಮುಕ್ಕಾಲು ಸಿಗತ್ತೆ, 450 ವೋಲ್ಟಿನ ಫಿಲ್ಟರ್ ಕಂಡೆನ್ಸರ್ ಸಿಗದಿದ್ರೆ ಬೆಂಗಳೂರು ಎಸ್‌ಪಿ ರೋಡು.

ಆದ್ರೆ ರಿಪೇರಿಗೆ ಮುಂಚೆ ಒಂದು ಪ್ರಶ್ನೆ, ಏನ್ ಕೇಳ್ತೀರಾ ಅದ್ರಲ್ಲಿ? ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದೇ ನಮ್ಮ ಮೈಸೂರಲ್ಲಿ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠಲ ವಿಹಾರದಿಂದ ಶುರು ಮಾಡಿದ ಬಾನುಲಿ ಅದು. ಅದೇ ಮೈಸೂರು ಆಕಾಶವಾಣಿ ಈಗ ಬರೋದು ಎಫ್ಎಂ 100.6ರಲ್ಲಿ, ತಾತನ ಮರ್ಫಿಯಲ್ಲಿ ಎಫ್ಎಂ ಇಲ್ಲ. ಗ್ರುಂಡಿಗ್, ಟೆಲಿಫುಂಕನ್ ತರದ ಜರ್ಮನ್ ಸೆಟ್ಟಲ್ಲಿ ಎಫ್ಎಂ ಇರತ್ತೆ, ಆದ್ರೆ ಹಳೆಯವುಗಳ ಡಯಲ್ 100ಕ್ಕೇ ಮುಗಿಯತ್ತೆ, ಕೂದಲೆಳೆ ಅಂತರದಲ್ಲಿ ನಮ್ಮೂರು ತಪ್ಪಿಹೋಗತ್ತೆ ನೋಡಿ! ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಿಡಿಯೋಕೆ ತಾರಸಿ ಮೇಲೆ ಹತ್ತು ಹದಿನೈದು ಮೀಟರ್ ವೈರ್ ಕಟ್ಟಿ, ಮತ್ತೆ ಬರೀ ಗೊರಗೊರ ಬಂದ್ರೆ ರೇಡಿಯೋನ ಬೈಯೋಕೆ ಮುಂಚೆ ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಎಲ್ಲಾ ಆಫ್ ಮಾಡಿ ನೋಡಿ.

ಹಿಂದೆ ಗ್ರಾಮಫೋನ್ ಸಾಕೆಟ್ ಇದ್ರೆ ಮೊಬೈಲಿನ ಹಾಡು ಅದಕ್ಕೆ ಕೊಡಬಹುದು, ಎಸಿ ಸೆಟ್ ಆದ್ರೆ ಮಾತ್ರ. ಎಸಿ-ಡಿಸಿ ಸೆಟ್ಟಿಗೆ ವೈರಲ್ಲಿ ಮೊಬೈಲ್ ಜೋಡಿಸೋದು ಅಂದ್ರೆ ಮೊಬೈಲ್ ಹಿಡಿದ ಕೈನ ನೇರ ಲೈನಿಗೆ ಕೊಟ್ಟಂಗೆ. ಮಕ್ಕಳಿರೋ ಮನೇಲಿ ಎಸಿ-ಡಿಸಿ ಸೆಟ್ಟು ದಿನಾ ಬಳಸೋಕೆ ಬೇಡ ಅನ್ನೋದು ನನ್ನ ಅಭಿಪ್ರಾಯ, ಶೋಕೇಸಲ್ಲಿರ್ಲಿ.

ಮಾರೋದಾದ್ರೆ

ಸೆಟ್ಟು ಚೆನ್ನಾಗಿದೆ ಆದ್ರೆ ನಿಮಗೆ ಜಾಗ ಇಲ್ಲ, ಆಸಕ್ತಿ ಇಲ್ಲ, ಆಗ ಮಾರಿ. ರಿಪೇರಿ ಮಾಡಿಸಿ ಮಾರಿದ್ರೆ ಲಾಭ ಅಂತ ಲೆಕ್ಕ ಹಾಕ್ಬೇಡಿ, ಗೊತ್ತಿರೋ ಗಿರಾಕಿ ಯಾರೂ ಕೈ ಹಾಕದೇ ಇರೋ ಚಾಸಿಯನ್ನೇ ಇಷ್ಟ ಪಡ್ತಾನೆ, ಅರೆಬರೆ ರಿಪೇರಿ ನೋಡಿದ್ರೆ ಬೆಲೆ ಇಳಿಸ್ತಾನೆ. ಆನ್‌ಲೈನಲ್ಲಿ ಯಾರೋ ಲಕ್ಷ ಅಂತ ಹಾಕಿದ್ದು ನೋಡಿ ನಿಮ್ಮದಕ್ಕೂ ಲಕ್ಷ ಕಟ್ಬೇಡಿ, ಅದು ಅವನು ಕೇಳಿದ ರೇಟು, ಕೊಟ್ಟವರಿದ್ದಾರಾ ನೋಡಿ. ಫೋಟೋ ಮುಂದೆ, ಹಿಂದೆ, ಚಾಸಿ, ಕೆಳಭಾಗ, ಎಲ್ಲಾ ಹಾಕಿ. ದೀಪ ಹತ್ತಿದ ಮಾತ್ರಕ್ಕೆ ವರ್ಕಿಂಗ್ ಅಂತ ಬರೀಬೇಡಿ, "ಆನ್ ಮಾಡಿ ನೋಡಿಲ್ಲ" ಅಂತ ಬರೆದ್ರೆ ಗೊತ್ತಿರೋರು ಅದಕ್ಕೇ ಮರ್ಯಾದೆ ಕೊಡ್ತಾರೆ. ರೇಡಿಯೋ ಲೈಸೆನ್ಸ್ ಪುಸ್ತಕ ಮನೇಲಿ ಇದ್ರೆ ಜೊತೆಗಿಡಿ, ಪೋಸ್ಟಾಫೀಸಲ್ಲಿ ವರ್ಷಾ ವರ್ಷಾ ದುಡ್ಡು ಕಟ್ಟಿ ಮುದ್ರೆ ಒತ್ತಿಸ್ಕೊಂಡು ಬರ್ತಿದ್ರಲ್ಲ, ಅದು. ಸೆಟ್ಟು ಯಾವ ಇಸವೀದು, ಯಾರ ಮನೇದು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ.

ಇನ್ನೊಂದು ವಿಷಯ, ರೆಡ್ ಮರ್ಕ್ಯುರಿ. "ಹಳೇ ರೇಡಿಯೋ ವಾಲ್ವ್‌ನಲ್ಲಿ ಕೆಂಪು ಪಾದರಸ ಇರತ್ತೆ, ಕೋಟಿಗಟ್ಲೆ ಬೆಲೆ" ಅಂತ ಯಾರಾದ್ರೂ ಬಂದ್ರೆ ಬಾಗಿಲು ಹಾಕ್ಕೊಳ್ಳಿ. ರೈಸ್ ಪುಲ್ಲರ್ ಚೊಂಬಿನ ಅಣ್ಣ ಇದು, ಪರೀಕ್ಷೆ ಖರ್ಚಿಗೆ ಅಂತ ನಿಮ್ಮ ಹತ್ರಾನೇ ಕಾಸು ಕೀಳ್ತಾರೆ. ರೇಡಿಯೋ ವಾಲ್ವ್ ಒಳಗೆ ಪಾದರಸ ಇರಲ್ಲ. ಇಸಿಎಚ್ 3, ಇಎಫ್ 9 ತರದ ಹಳೇ ಫಿಲಿಪ್ಸ್ ವಾಲ್ವ್‌ಗಳು ಕೆಂಪಗಿರ್ತವೆ ನಿಜ, ಅದು ಗಾಜಿನ ಹೊರಗಿನ ಲೋಹದ ಲೇಪಕ್ಕೆ ಹೊಡೆದ ಬಣ್ಣ, ಅಷ್ಟೇ.

ಬಿಚ್ಚೋದಾದ್ರೆ

ಗೆದ್ದಲು ತಿಂದ ಕ್ಯಾಬಿನೆಟ್ಟು, ಉಚ್ಚೆ ಹರಿದ ಚಾಸಿ, ಒಡೆದ ಗಾಜು, ಇದರಲ್ಲಿ ಎರಡು ಸೇರಿದ್ರೆ ಬಿಚ್ಚಿ, ಪಾಪ ಏನಿಲ್ಲ. ಪೂರ್ತಿ ಇರೋ ಸೆಟ್ಟನ್ನ ಬರೀ ವಾಲ್ವ್ ಆಸೆಗೆ ಬಿಚ್ಚೋದು, ಇಲ್ಲಾ ಒಳಗಿನದೆಲ್ಲಾ ಕಿತ್ತು ಬ್ಲೂಟೂತ್ ತುರುಕೋದು, ಅದು ಪಾಪ. ಗುಜರಿಯವನು ಕೊಡೋದು ತೂಕದ ದುಡ್ಡು, ಅವನಿಗೆ ಬೇಕಿರೋದು ಟ್ರಾನ್ಸ್‌ಫಾರ್ಮರ್ ತಾಮ್ರ, ನಮಗೆ ಬೇಕಿರೋದೂ ಅದೇ ಟ್ರಾನ್ಸ್‌ಫಾರ್ಮರ್, ಆದ್ರೆ ಇಡಿಯಾಗಿ. ಬಿಚ್ಚೋ ಮುಂಚೆ ಡಯಲ್ ದಾರ ಹೋಗೋ ದಾರಿ ಫೋಟೋ ತೆಗೀರಿ. ವಾಲ್ವ್ ಅಲ್ಲಾಡಿಸ್ತಾ ನೇರ ಮೇಲಕ್ಕೆ ಎಳೀರಿ. ಎರಡೂ ಟ್ರಾನ್ಸ್‌ಫಾರ್ಮರ್, ಐಎಫ್ ಕ್ಯಾನು, ಗ್ಯಾಂಗ್ ಕಂಡೆನ್ಸರು (ಸ್ಟೇಷನ್ ಹುಡುಕುವಾಗ ತಿರುಗೋದು), ಸ್ಪೀಕರು, ನಾಬು, ಹೆಸರಿನ ಪಟ್ಟಿ, ಗಾಜು, ಕೊನೆಗೆ ಸ್ಕ್ರೂ ಕೂಡ.

ತಾತನ ಮರ್ಫಿ ಉಳಿದಿದ್ದೂ ಹೀಗೇನೇ. ಲಷ್ಕರ್ ಮೊಹಲ್ಲಾದ ಗುಜರಿ ಅಂಗಡೀಲಿ ಮೂರು ಕಡೆ ಗೆದ್ದಲು ಹಿಡಿದ ಇನ್ನೊಂದು ಮರ್ಫಿ ಸಿಕ್ತು, 300 ರೂಪಾಯಿ, ಒಳಗಿನ ಟ್ರಾನ್ಸ್‌ಫಾರ್ಮರ್‌ಗೆ ಒಂದು ಗೀರೂ ಇರಲಿಲ್ಲ, ಸ್ಕ್ರೂ ತೂತೂ ಕೂಡ ಸರಿಯಾಗಿ ಕೂತ್ಕೊಳ್ತು. ದೊಡ್ಡಪ್ಪ ಈಗ ಸಂಜೆ ಅದರ ಮುಂದೆ ಕೂತ್ಕೊಂಡು 612 ಹುಡುಕ್ತಾ "ಸೌಂಡ್ ಕಮ್ಮಿ ಐತಲ್ಲೋ" ಅಂತಾರೆ. ಆ ಗೆದ್ದಲು ಸೆಟ್ಟಿನ ಉಳಿದ ಸಾಮಾನು ಬಿಸ್ಕತ್ತಿನ ಡಬ್ಬದಲ್ಲಿ ಚೀಟಿ ಅಂಟಿಸಿ ಇಟ್ಟಿದೀನಿ: ನಾಬ್ ಮೂರು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಂದು, ಡಯಲ್ ಗಾಜು ಒಂದು, ಎಡಗಡೆ ಮೂಲೆ ಚೂರು ಮುಕ್ಕಾಗಿದೆ, ಸಿಲೋನ್ ಮಾತ್ರ ಚೆನ್ನಾಗಿ ಓದೋಕಾಗತ್ತೆ.